ಪಕ್ಕದ ಕೋಣೆಯ ಕರೆ

ಆ ಸರ್ಕಾರಿ ವಾಹಿನಿಯ ನೇರಪ್ರಸಾರಕ್ಕೆ ವೀಕ್ಷಕರ ಫೋನು ಬರುವುದೇ ಅಪರೂಪವಾಗಿತ್ತು. ಬಾರದಿದ್ದಾಗ, ಕರೆಗಳನ್ನು ಸ್ಟುಡಿಯೋಗೆ ಜೋಡಿಸುವ ಯತಿರಾಜನೇ ಪಕ್ಕದ ಕೋಣೆಯಿಂದ ವೀಕ್ಷಕನಾಗಿ ಮಾತಾಡಬೇಕು. ಯಾರೂ ಬಾಯಿಬಿಟ್ಟು ಹೇಳದೆ ಅವನ ಪಾಲಿಗೆ ಬಂದ ಕೆಲಸವದು.

ಆ ದಿನ ಬೆಳಿಗ್ಗೆ ಆರೋಗ್ಯ ಕಾರ್ಯಕ್ರಮದಲ್ಲಿ ಅವನು ಹೊಸದುರ್ಗದ ಷಡಕ್ಷರಿಯಾಗಿ, ತಾಯಿಯ ಉಬ್ಬಸಕ್ಕೆ ಏನು ಮಾಡಲಿ ಎಂದು ಡಾಕ್ಟರನ್ನು ಕೇಳಿದ. ಮಧ್ಯಾಹ್ನ ಕೃಷಿ ಕಾರ್ಯಕ್ರಮದಲ್ಲಿ ತಿಪಟೂರಿನ ರೈತನಾಗಿ, ತೆಂಗಿಗೆ ನುಸಿರೋಗ ಬಂದಿದೆಯೆಂದು ಗೋಳಾಡಿದ. ಸಂಜೆ ಗಂಟಲು ಸರಿಮಾಡಿಕೊಂಡು ಗೋಕಾಕದ ಮಾಸ್ತರನಾಗಿ, ತನ್ನ ಮೆಚ್ಚಿನ ಭಾವಗೀತೆ ಹಾಕಿ ಎಂದ. ಒಂದು ದನಿ ಇನ್ನೊಂದರಂತಿಲ್ಲವೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ಅವನು ಫೋನ್ ಇಟ್ಟದ್ದೇ ತಡ, ನಿಜವಾದ ಕರೆಯೊಂದು ಬಂತು. ಖುಷಿಯಿಂದ ಸ್ಟುಡಿಯೋಗೆ ಜೋಡಿಸಿ ತಾನೂ ಕೇಳುತ್ತ ಕುಳಿತ. ವಯಸ್ಸಾದ ಹೆಂಗಸಿನ ದನಿ.

“ಯಾವ ಹಾಡು ಬೇಕಮ್ಮ?” ಎಂದಳು ನಿರೂಪಕಿ.

“ನಂಗೆ ಹಾಡು ಬೇಡ ಕಣಮ್ಮ. ಬೆಳಿಗ್ಗೆಯಿಂದ ನಿಮ್ಮ ಟೀವೀನೇ ನೋಡ್ತಾ ಇದೀನಿ. ಈಗ ಹಾಡು ಕೇಳಿದ್ನಲ್ಲ, ಬೆಳಿಗ್ಗೆ ಡಾಕ್ಟ್ರಿಗೆ ಫೋನ್ ಮಾಡಿದ್ದೂ ಅವನೇ. ತೆಂಗಿನ ರೋಗ ಹೇಳ್ಕೊಂಡಿದ್ದೂ ಅವನೇ. ದನಿ ಗೊತ್ತಾಗತ್ತೆ.”

ಯತಿರಾಜನ ಕಿವಿ ಬಿಸಿಯಾಯಿತು. ಕರೆ ಕತ್ತರಿಸಲು ಕೈ ಚಾಚಿದ.

“ಒಂದೊಂದ್ಸಲ ಒಂದೊಂದು ಹೆಸರು ಹೇಳ್ತಾನೆ. ಒಂದೇ ಮನೇಲಿ ಅಷ್ಟು ಕಷ್ಟ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೇನೋ, ಪಾಪ. ಈಗ ಹಾಡು ಕೇಳ್ತಿದಾನೆ ಅಂದ್ಮೇಲೆ ಅವರಮ್ಮ ಹುಷಾರಾಗಿದಾರೆ, ಅಲ್ವೇನಮ್ಮ?”