ಒಂದು ಗೀಟಿನ ತಪ್ಪು

ತೊಂಬತ್ತೇಳನೇ ಪುಟದ ಸಮೀಕರಣದಲ್ಲಿ ಕೂಡುವ ಚಿಹ್ನೆ ಇರಬೇಕಾದಲ್ಲಿ ಕಳೆಯುವ ಚಿಹ್ನೆ ಇತ್ತು. ದಾನೇಶ್ವರಿ ಪೆನ್ನು ಹಿಡಿದು ಹಾಗೇ ಕೂತಳು. ಪರಮಾಣು ಬೀಜಗಳು ಮಹಾವೇಗದಲ್ಲಿ ಡಿಕ್ಕಿ ಹೊಡೆದಾಗ ಎಲ್ಲ ಕರಗಿ ಕ್ಷಣಮಾತ್ರ ಹುಟ್ಟುವ ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾ ಎಷ್ಟು ಸಲೀಸಾಗಿ ಹರಿಯುತ್ತದೆಂದು ಐದು ವರ್ಷ, ತಲೆಗೂದಲು ಉದುರುವಷ್ಟು ಲೆಕ್ಕ ಹಾಕಿದ್ದಳು. ಈಗ ಅಲ್ಲಿಂದ ಮುಂದಿನದೆಲ್ಲ ತಪ್ಪು. ಪಿಎಚ್.ಡಿ. ಪ್ರಬಂಧಕ್ಕೆ ಗೈಡ್ ಸಹಿ ಹಾಕಿಯಾಗಿತ್ತು. ಮಧ್ಯಾಹ್ನ ಕೊಪ್ಪಳಕ್ಕೆ ಹೋಗಿ ಬೈಂಡಿಂಗಿಗೆ ಕೊಡುವುದಷ್ಟೇ ಬಾಕಿ.

“ಯಾಕವಾ, ಮಾರಿ ಸುಟ್ಟ ಬದನಿಕಾಯಿ ಆಗೇತಿ?” ಪಡಸಾಲೆಯಲ್ಲಿ ಹಳೆ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುತ್ತಿದ್ದ ಅಜ್ಜಿ ಗುರುಲಿಂಗಮ್ಮ ಕೇಳಿದಳು.

“ಲೆಕ್ಕದಾಗ ತಪ್ಪು ಸಿಕ್ಕೈತಿ, ಆಯಿ. ತಿದ್ದಬೇಕಂದ್ರ ಇನ್ನೊಂದು ವರ್ಷ ಬೇಕು. ಸಾಕಾಗೇತಿ ನಂಗ.”

“ಯಾರರ ನೋಡ್ಯಾರೇನು?”

“ಇಲ್ಲ. ಯಾರಿಗೂ ಗೊತ್ತಾಗಂಗಿಲ್ಲ.”

“ಹಂಗಾರ ಬಿಡವಾ! ನಿನ್ನ ಕಾಗದ ಪೇರಿಸಿದ್ರ ಗವಿಮಠದ ಗುಡ್ಡನೂ ನಾಚತೈತಿ. ಅದರಾಗ ಒಂದು ಗೀಟು ಹುಡುಕಾಕ ಬ್ರಹ್ಮಗೂ ಚಾಳೀಸು ಬೇಕು.”

ಅಜ್ಜಿ ತನ್ನ ಮಾತಿಗೆ ತಾನೇ ನಕ್ಕಳು. ನಗುತ್ತಲೇ ಕೌದಿಯನ್ನು ಮಗುಚಿದಳು. ನೆಲಕ್ಕೆ ತಾಗುವ ಬದಿಯಲ್ಲಿ ಒಂದು ಸಾಲು ಸೊಟ್ಟ ಹೋಗಿತ್ತು. ಅದನ್ನು ಸೂಜಿಯ ತುದಿಯಿಂದ ಬಿಚ್ಚತೊಡಗಿದಳು. ಆ ಸಾಲಿನಿಂದ ಈಚೆಗೆ, ಬೆಳಿಗ್ಗೆಯಿಂದ ಹೊಲಿದದ್ದೆಲ್ಲ ಬರಿಯ ದಾರವಾಗಿ ಅವಳ ಉಡಿಗೆ ಬಿತ್ತು. ಬಾಯಿ ಮಾತ್ರ “ಬಿಡವಾ, ಬಿಡು” ಅನ್ನುತ್ತಲೇ ಇತ್ತು.

ದಾನೇಶ್ವರಿ ಆ ಕೈಗಳನ್ನೇ ನೋಡಿದಳು. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಗೈಡಿಗೆ ಫೋನು ಹಚ್ಚಿದಳು.

“ಸರ್, ಇವತ್ತು ಬೈಂಡಿಂಗಿಗೆ ಕೊಡಂಗಿಲ್ರಿ. ನಾ ತಪ್ಪು ಮಾಡೇನ್ರಿ.”