ಮೊದಲು ಬಂದವಳಿಗೇ ಕೆಲಸ

"ಮೂಲೆ ಬಿಡಬೇಡಮ್ಮಾ, ಮೂಲೆ!"

ಓವನ್ನಿನೊಳಗೆ ತಲೆ ತುರುಕಿ ಉಜ್ಜುತ್ತಿದ್ದ ದಲಿಸಾಯ್ ಅಲ್ಲಿಂದಲೇ "ಆಯ್ತಮ್ಮಾ" ಎಂದಳು. ಕೂಗಿದ ಒರ್ನೆಲ್ಲಾ ಕುರ್ಚಿಯಲ್ಲಿ ಕಾಲು ಚಾಚಿ ಕಾಫಿ ಹೀರುತ್ತಿದ್ದಳು.

ದಲಿಸಾಯ್ ಬಂದದ್ದು ನರ್ಸ್ ಕೆಲಸ ಕೇಳಲು. ಮಿಲಾನಿನ ಈ ನಾಲ್ಕನೇ ಮಹಡಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಅವರ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಬೇಕು ಎಂದಷ್ಟೇ ಏಜೆನ್ಸಿಯವರು ಹೇಳಿದ್ದರು. ಬಾಗಿಲು ತೆರೆದ ನರೆಗೂದಲಿನ ಬಿಳಿ ಹೆಂಗಸನ್ನು ಕಂಡದ್ದೇ ಅವಳು ತನ್ನ ಊರಿನ ಪದ್ಧತಿಯಂತೆ ಬಗ್ಗಿ, ಹಿರಿಯಳ ಕೈಯನ್ನು ಹಣೆಗೊತ್ತಿಕೊಂಡಿದ್ದಳು. ಕೈ ಒರಟಾಗಿತ್ತು. ಶ್ರೀಮಂತರು, ತೋಟಗೀಟ ಇಟ್ಟಿರಬೇಕು ಎಂದುಕೊಂಡಳು.

"ಜ್ವರಾನಾ ನಿಂಗೆ? ನಾನೇನು ಡಾಕ್ಟರಾ?" ಎಂದು ಒರ್ನೆಲ್ಲಾ ಕೈ ಕಿತ್ತುಕೊಂಡಿದ್ದಳು. "ಫಿಲಿಪ್ಪೀನ್ಸ್ ತಾನೇ? ನಿಮ್ಮೋರ ಬಾಯಲ್ಲಿ ಇಲ್ಲ ಅನ್ನೋ ಮಾತೇ ಬರಲ್ಲ. ಅದೇ ನಂಗಿಷ್ಟ. ಮೊದಲು ಕಿಟಕಿ ಒರೆಸು."

ಕಿಟಕಿ ಆಯಿತು, ಇಸ್ತ್ರಿ ಆಯಿತು, ಓವನ್ನೂ ಆಯಿತು. ಈ ದೇಶದ ಅಜ್ಜಿಯರು ಕೂತಲ್ಲಿಂದ ಅಪ್ಪಣೆ ಕೊಡಲೆಂದೇ ಹುಟ್ಟಿದವರು ಎಂಬುದು ದಲಿಸಾಯಳ ಖಚಿತ ಅಭಿಪ್ರಾಯ. ಹಿರಿಯರಿಗೆ ಎದುರಾಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಲ್ಲದೆ, ತಿಂಗಳ ಕೊನೆಗೆ ಈ ದೇಶದಲ್ಲಿರುವ ಪರವಾನಗಿ ಮುಗಿಯುತ್ತಿತ್ತು. ಈ ಕೆಲಸ ಕೈತಪ್ಪಿದರೆ ಗಂಟುಮೂಟೆ ಕಟ್ಟಬೇಕು. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ಡಾಕ್ಟರ್ ಬರೋದು ಹನ್ನೆರಡಕ್ಕೆ. ಇದೆಲ್ಲ ನೀನು ಮಾಡಿದ್ದು ಅಂತ ಹೇಳ್ಬೇಡ, ತಿಳೀತಾ? ಜಂಬ ಕೊಚ್ಚೋರನ್ನ ಕಂಡ್ರೆ ಅವರಿಗಾಗಲ್ಲ," ಎಂದಳು ಒರ್ನೆಲ್ಲಾ. "ಹಾಂ, ಆ ಕೊನೇ ಕೋಣೆ ಬಾಗಿಲು ತೆಗೀಬೇಡ."

ದೊಡ್ಡ ಮನೆಯ ಗುಟ್ಟುಗಳು ತನಗೇಕೆ ಎಂದು ದಲಿಸಾಯ್ ಹಜಾರದ ನೆಲ ಒರೆಸಿ, ಒಣಗಲೆಂದು ಮುಂಬಾಗಿಲು ತೆರೆದಿಟ್ಟಳು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಹೊಸ್ತಿಲಲ್ಲಿ ಒಬ್ಬಳು ಪ್ರತ್ಯಕ್ಷಳಾದಳು. ಗೋಧಿಬಣ್ಣ, ಚಪ್ಪಟೆ ಮೂಗು, ಎರಡು ಕೈಯಲ್ಲೂ ತರಕಾರಿ ಚೀಲ. ಅಪ್ಪಟ ತನ್ನ ಊರಿನ ಮುಖ! ಏಜೆನ್ಸಿಯವರು ಇನ್ನೊಬ್ಬಳನ್ನೂ ಕಳಿಸಿದ್ದಾರೆ, ಹಾಳಾದವರು!

ದಲಿಸಾಯ್ ನೆಲ ಒರೆಸುವ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದು ತನ್ನೂರಿನ ತಗಾಲೋಗ್ ಭಾಷೆಯಲ್ಲಿ ಪಿಸುಗುಟ್ಟಿದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಾನು ಮೊದ್ಲು ಬಂದಿದೀನಿ. ಮುದುಕಿ ಸ್ವಲ್ಪ ಪಿರಿಪಿರಿ, ಆದ್ರೂ ನಾನು ಸಂಭಾಳಿಸ್ತೀನಿ. ನೀವು ಬೇರೆ ಮನೆ ನೋಡ್ಕೊಳ್ಳಿ."

ಆ ಹೆಂಗಸು ಕಣ್ಣು ಪಿಳುಕಿಸಿದಳು. ಅಷ್ಟರಲ್ಲಿ ದಲಿಸಾಯಳಿಗೆ ನಾಚಿಕೆಯಾಯಿತು. ಪಾಪ, ಅವಳೂ ಹೊಟ್ಟೆಪಾಡಿಗೆ ಬಂದವಳೇ.

"ಊಟ ಆಯ್ತಾ? ನನ್ನ ಚೀಲದಲ್ಲಿ ಅನ್ನ, ಒಣಮೀನು ಇದೆ. ಮೆಟ್ಟಿಲ ಮೇಲೆ ಕೂತು ತಿಂದು ಹೋಗಿ."

ಹೆಂಗಸು ಚೀಲಗಳನ್ನು ಕೆಳಗಿಟ್ಟು, ಬೂಟು ಬಿಚ್ಚಿ, ದಲಿಸಾಯಳ ಭುಜದಾಚೆ ಇಣುಕಿ ಇಟಾಲಿಯನ್ನಿನಲ್ಲಿ ಕೂಗಿದಳು:

"ಒರ್ನೆಲ್ಲಾ, ಕಸ ಮುಸುರೆ ಮುಗಿದಿದ್ರೆ ನೀವು ಹೊರಡಿ, ಕೊನೇ ಕೋಣೇಲಿ ಮಲಗಿರೋ ನಮ್ಮಮ್ಮನ್ನ ನೋಡ್ಕೊಳ್ಳೋಕೆ ಬಂದಿರೋ ಈ ತಂಗಿ ಜೊತೆ ನಾನು ಒಣಮೀನು ತಿನ್ಬೇಕು."