ಗೋಡೆಯಾಚೆಯ ಕುಕ್ಕರ್

ಪಕ್ಕದ ಮನೆಯಾಕೆ ಟೈಲರಮ್ಮನ ಕುಕ್ಕರಿನ ಮುಚ್ಚಳ ತೆಗೆದಾಗ ಒಳಗೆ ಬರೀ ನೀರಿತ್ತು.

ಬೆರಳು ಜೋಮು ಹಿಡಿದು ಸೂಜಿ ಜಾರುತ್ತಿದೆಯೆಂದು ಟೈಲರಮ್ಮ ಬೆಳಿಗ್ಗೆ ಡಾಕ್ಟರ ಬಳಿ ಹೋಗಿದ್ದಳು. ವಿಟಮಿನ್ ಬಿ ಹನ್ನೆರಡು ತಳ ಕಂಡಿದೆ, ರಕ್ತವೂ ಕಡಿಮೆ, ನೆಟ್ಟಗೆ ಊಟ ಮಾಡುತ್ತಿಲ್ಲ ಎಂದು ಅವರು ಗದರಿದ್ದರು. ಟೈಲರಮ್ಮ ಬಂದು ಹೇಳಿದಾಗ ಪಕ್ಕದ ಮನೆಯಾಕೆ ಅದನ್ನು ನಂಬಿರಲಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳು. ದಿನಾ ಸಂಜೆ ಈ ಕುಕ್ಕರ್ ಕೂಗುವುದು ಅವಳ ಕಿವಿಗೆ ಬೀಳುತ್ತಿತ್ತು. ಅದೇನು ಬೇಯಿಸುತ್ತಾಳೋ ನೋಡೇಬಿಡೋಣವೆಂದು ಇವತ್ತು ಬಂದಿದ್ದಳು.

"ಏನೇ ಇದು?"

"ಒಂದು ಹೊಟ್ಟೆಗೆ ಯಾರು ಒಲೆ ಮುಂದೆ ನಿಲ್ತಾರೆ ಅಕ್ಕಾ? ನಂಗೆ ಟೀ, ಬ್ರೆಡ್ಡು ಸಾಕು." ಟೈಲರಮ್ಮ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಕುಕ್ಕರ್ ಕೂಗದಿದ್ರೆ ನೀವು ಅಯ್ಯೋ ಪಾಪ ಅಂತೀರಲ್ಲ, ಅದಕ್ಕೇ ನೀರಿಡ್ತಿದ್ದೆ."

ಪಕ್ಕದ ಮನೆಯಾಕೆ ಮುಚ್ಚಳ ಹಿಡಿದೇ ನಿಂತಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಮ್ಮನೆಯವರು ಹೋದಮೇಲೆ ನಂಗೂ ಒಬ್ಬಳೇ ಊಟಕ್ಕೆ ಕೂರೋಕೆ ಆಗ್ತಿರಲಿಲ್ಲ ಕಣೇ," ಎಂದಳು. "ನಿನ್ನ ಕುಕ್ಕರ್ ಕೂಗಿದ ಮೇಲೇ ತಟ್ಟೆ ಹಾಕ್ಕೊಂಡು, ಈ ಗೋಡೆ ಕಡೆ ಮುಖ ಮಾಡಿ ಕೂರ್ತಿದ್ದೆ. ಇಬ್ರೂ ಒಟ್ಟಿಗೆ ಉಣ್ತಿದೀವಿ ಅಂದ್ಕೊಂಡು."